ಶ್ರೀ ಶಾಂತವೇರಿ ಗೋಪಾಲಗೌಡರು

ಮಂತ್ರಿಗಳಾದವರ ಹೆಸರು ನಾಡಿನ ನೆನಪಿನಲ್ಲಿ ಉಳಿಯುವುದು ಸಹಜವೇ ಸರಿ. ಅವರು ಇಟ್ಟ ಅಡಿಗಲ್ಲುಗಳಿರುತ್ತವೆ, ಕಟ್ಟಿಸಿದ ಕಟ್ಟಡಗಳಿರುತ್ತವೆ, ಸಹಿ ಮಾಡಿದ ಆಜ್ಞೆಗಳಿರುತ್ತವೆ. ಆದರೆ ಒಂದು ದಿನದ ಮಟ್ಟಿಗೂ ಅಧಿಕಾರದ ಪೀಠವನ್ನೇರದೆ, ಶಾಸನಸಭೆಯಲ್ಲಿದ್ದಷ್ಟು ಕಾಲವೂ ವಿರೋಧಪಕ್ಷದ ಸಾಲಿನಲ್ಲಿಯೇ ಕುಳಿತು, ವಯಸ್ಸು 50 ತುಂಬುವುದಕ್ಕೆ ಮೊದಲೇ ತೀರಿಕೊಂಡ ಒಬ್ಬ ಶಾಸಕರ ಹೆಸರನ್ನು ಅರ್ಧ ಶತಮಾನ ಕಳೆದ ಮೇಲೂ ಜನರು ಗೌರವದಿಂದ ಹೇಳುತ್ತಾರೆಂದರೆ ಅದಕ್ಕೆ ಕಾರಣವೇನಿರಬೇಕು? ಅಂತಹ ಮಹನೀಯರೊಬ್ಬರು ಶ್ರೀ ಶಾಂತವೇರಿ ಗೋಪಾಲಗೌಡರು. ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಸಮೀಪದಲ್ಲಿಯೇ ಅವರ ಹೆಸರಿನ ವೃತ್ತವೊಂದಿದೆ; ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆಯಿದೆ. ವೃತ್ತದ ಹೆಸರನ್ನು ಬಲ್ಲವರು ಬಹಳ ಮಂದಿ. ಆ ಹೆಸರಿನ ಮನುಷ್ಯರನ್ನು ಬಲ್ಲವರು ನನ್ನ ವಯಸ್ಸಿನವರಲ್ಲಿ ಬಹಳ ಕಡಿಮೆ. ಆದುದರಿಂದ ಅವರ ಜೀವನವನ್ನು ನಾನು ತಿಳಿದುಕೊಂಡ ಮಟ್ಟಿಗೆ ನನ್ನ ಸಹಪಾಠಿಗಳ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಆರಗವು ಇಂದು ಒಂದು ಸಣ್ಣ ಊರು. ವಿಜಯನಗರದ ಅರಸರ ಕಾಲದಲ್ಲಿ ಅದು ಒಂದು ಪ್ರಾಂತದ ಮುಖ್ಯ ಪಟ್ಟಣವಾಗಿದ್ದಿತು. ರಾಜ್ಯಗಳು ಬಂದುಹೋದರೂ ಮಲೆನಾಡಿನ ಬಡವನ ಬಾಳು ಮಾತ್ರ ಹೆಚ್ಚು ಬದಲಾಗಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಹೊರಗೆ ತಲೆ ಹಾಕಲಾಗದ ಮಳೆ, ಕಣಿವೆಯಲ್ಲಿ ಅಡಿಕೆ ತೋಟ, ಇಳಿಜಾರಿನಲ್ಲಿ ಭತ್ತದ ಗದ್ದೆ, ಸುತ್ತ ಕಾಡು. ನೋಡುವವರ ಕಣ್ಣಿಗೆ ಇದು ಸ್ವರ್ಗ. ಆದರೆ ಗದ್ದೆಯಲ್ಲಿ ಬಾಗಿ ನಾಟಿ ಮಾಡುವ ಕೈಗೂ ಆ ಗದ್ದೆಯ ಪಹಣಿಯಲ್ಲಿ ಬರೆದ ಹೆಸರಿಗೂ ಸಂಬಂಧವೇ ಇರುತ್ತಿರಲಿಲ್ಲ. ಇಂತಹ ನಾಡಿನ ಒಂದು ಬಡ ಒಕ್ಕಲಿಗರ ಮನೆಯಲ್ಲಿ ಬೆಳೆದ ಹುಡುಗನಿಗೆ ಅನ್ಯಾಯವೆಂದರೇನೆಂದು ಪುಸ್ತಕ ತೆರೆದು ಕಲಿಯಬೇಕಾದ ಅಗತ್ಯ ಬೀಳಲಿಲ್ಲ.

1942ರಲ್ಲಿ ಗಾಂಧೀಜಿಯವರು ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂಬ ಕರೆಯನ್ನು ಕೊಟ್ಟಾಗ ಶಿವಮೊಗ್ಗ ಜಿಲ್ಲೆ ಕೆಂಡವಾಯಿತು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು ತಮ್ಮ ಹಳ್ಳಿ ಸ್ವತಂತ್ರವಾಯಿತೆಂದು ಸಾರಿದರು. ಆ ಸಂಬಂಧವಾಗಿ ಐದು ಮಂದಿಯನ್ನು 1943ರ ಮಾರ್ಚಿಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ಚಳವಳಿಯ ಅಲೆಯಲ್ಲಿ ತೀರ್ಥಹಳ್ಳಿಯ ವಿದ್ಯಾರ್ಥಿಯಾಗಿದ್ದ ಗೋಪಾಲಗೌಡರೂ ಧುಮುಕಿದರು ಮತ್ತು ಸೆರೆಮನೆಯನ್ನು ಕಂಡರು. ಓದುವ ಹುಡುಗರಿಗೆ ಸೆರೆಮನೆಯೇ ಎರಡನೆಯ ಪಾಠಶಾಲೆಯಾದ ಕಾಲವದು. ಅಲ್ಲಿಂದ ಹೊರಬಂದವರಲ್ಲಿ ಕೆಲವರು ಸ್ವಾತಂತ್ರ್ಯ ದೊರೆತೊಡನೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸಿದರು. ಮತ್ತೆ ಕೆಲವರಿಗೆ, ಪರಕೀಯರು ಹೋದ ಮಾತ್ರಕ್ಕೆ ಗೇಣಿಯ ಭತ್ತ ಅಳೆಯುವ ಕೊಳಗವೇನೂ ಚಿಕ್ಕದಾಗಲಿಲ್ಲವೆಂಬುದು ಕಂಡಿತು. ಗೋಪಾಲಗೌಡರು ಈ ಎರಡನೆಯ ಗುಂಪಿಗೆ ಸೇರಿದವರು. ಕಾಂಗ್ರೆಸ್ಸಿನೊಳಗೆ 1934ರಲ್ಲಿ ಹುಟ್ಟಿದ್ದ ಸಮಾಜವಾದಿಗಳ ಬಣವು 1948ರಲ್ಲಿ ಅದರಿಂದ ಹೊರಬಂದು ಪ್ರತ್ಯೇಕ ಪಕ್ಷವಾಯಿತು. ಜಯಪ್ರಕಾಶ ನಾರಾಯಣ್, ರಾಮಮನೋಹರ ಲೋಹಿಯಾ ಮೊದಲಾದವರ ಆ ಪಕ್ಷದ ಕೆಲಸಕ್ಕೆ ಗೌಡರು ಮಲೆನಾಡಿನಲ್ಲಿ ತಮ್ಮನ್ನು ಒಪ್ಪಿಸಿಕೊಂಡರು.

ಇಲ್ಲಿ ಗೇಣಿ ಪದ್ಧತಿಯನ್ನು ಕುರಿತು ಎರಡು ಮಾತು ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಗರದಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಅನೇಕರಿಗೆ ಗೇಣಿ ಎಂಬ ಮಾತೇ ಹೊಸದು. ಜಮೀನು ಒಡೆಯರದು, ಉಳುವವನು ಗೇಣಿದಾರ. ಎತ್ತು, ಬೀಜ, ಗೊಬ್ಬರ, ದುಡಿಮೆ ಎಲ್ಲವೂ ಗೇಣಿದಾರನದು. ಸುಗ್ಗಿಯಾದ ಮೇಲೆ ಕಣದಲ್ಲಿ ಒಡೆಯರ ಪಾಲನ್ನು ಕೊಳಗದಿಂದ ಅಳೆದು ಕೊಡಬೇಕು. ಕೊಟ್ಟುದಕ್ಕೆ ರಸೀತಿಯಿಲ್ಲ. ರಸೀತಿಯಿಲ್ಲದ ಮೇಲೆ ಬಾಕಿಯಿದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ. ಇದರ ಜೊತೆಗೆ ಒಡೆಯರ ಮನೆಯಲ್ಲಿ ಬಿಟ್ಟಿ ಚಾಕರಿ ಬೇರೆ. ಎದುರು ಮಾತನಾಡಿದವನನ್ನು ಮುಂದಿನ ವರ್ಷ ಗದ್ದೆಯಿಂದ ಬಿಡಿಸಬಹುದಾಗಿತ್ತು. ತಲೆಮಾರುಗಳಿಂದ ಉತ್ತ ನೆಲದಲ್ಲಿ ಒಬ್ಬ ಮನುಷ್ಯ ಪರದೇಶಿಯಂತೆ ನಿಲ್ಲುವುದಕ್ಕೆ ಒಡೆಯರ ಒಂದು ಮಾತು ಸಾಕಾಗಿತ್ತು.

ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ ಈ ಬೇಗೆ ಹೊತ್ತಿ ಉರಿಯಿತು. ಅಲ್ಲಿನ ಗೇಣಿದಾರರು ಹೆಚ್ಚಾಗಿ ದೀವರ ಸಮುದಾಯದವರು. ಶ್ರೀ ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ಒಡೆಯರು ಅಳೆಯುತ್ತಿದ್ದ ಕೊಳಗವು ಸರ್ಕಾರಿ ಅಳತೆಯ ಮೂರು ಸೇರಿನ ಕೊಳಗಕ್ಕಿಂತ ದೊಡ್ಡದೆಂಬುದೇ ರೈತರ ಮುಖ್ಯ ದೂರು. ಸರ್ಕಾರಿ ಕೊಳಗದಲ್ಲಿಯೇ ಅಳೆಯಬೇಕು, ಕೊಟ್ಟ ಗೇಣಿಗೆ ರಸೀತಿ ಬೇಕು, ಬಿಟ್ಟಿ ಚಾಕರಿ ನಿಲ್ಲಬೇಕು, ಕೇಳಿದ್ದು ಇಷ್ಟೇ. ಒಡೆಯರು ಒಪ್ಪಲಿಲ್ಲ, ಒಕ್ಕಲೆಬ್ಬಿಸತೊಡಗಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಪ್ರಾರಂಭವಾಯಿತು. ಅದರ ರೀತಿ ಬಹಳ ಸರಳವಾದುದು. ರೈತರು ನೇಗಿಲು ಹೊತ್ತು ತಾವು ಹಿಂದೆ ಉಳುತ್ತಿದ್ದ ಗದ್ದೆಗೆ ಇಳಿಯುವರು. ಪೊಲೀಸರು ಹಿಡಿದು ಒಯ್ಯುವರು. ಮರುದಿನ ಮತ್ತೊಂದು ತಂಡ ಇಳಿಯುವುದು. ಕಳ್ಳತನ ಮಾಡಿದವನಲ್ಲ, ಹೊಡೆದವನಲ್ಲ. ಉಳುವುದಕ್ಕೆ ಹೋದವನು ಅಪರಾಧಿ! ನೂರಾರು ಮಂದಿ ಹೀಗೆ ಸೆರೆಮನೆ ಸೇರಿದರು.

ಸಮಾಜವಾದಿ ಪಕ್ಷವು ಈ ಹೋರಾಟವನ್ನು ತನ್ನದಾಗಿ ಮಾಡಿಕೊಂಡಿತು. ಅದರ ಮುಂದಾಳುಗಳಲ್ಲಿ ಗೋಪಾಲಗೌಡರು ಪ್ರಮುಖರು. ಆಗ ಅವರಿಗೆ 28 ವರ್ಷ. ಅವರು ದೀವರವರಲ್ಲ, ಕಾಗೋಡಿನವರೂ ಅಲ್ಲ. ಆ ಗದ್ದೆಗಳಲ್ಲಿ ಅವರದೊಂದು ಅಂಗೈಯಗಲ ನೆಲವೂ ಇರಲಿಲ್ಲ. ನಮ್ಮ ನಾಡಿನಲ್ಲಿ ಒಬ್ಬನ ಕಷ್ಟಕ್ಕೆ ಮತ್ತೊಬ್ಬನು ಹೆಗಲು ಕೊಡುವ ಮುನ್ನ ಜಾತಿಯನ್ನು ವಿಚಾರಿಸುವುದು ವಾಡಿಕೆ. ಆ ವಾಡಿಕೆಯನ್ನು ಮೀರಿ ನಿಂತುದೇ ಅವರ ಸಾರ್ವಜನಿಕ ಜೀವನದ ಮೊದಲ ದೊಡ್ಡ ಹೆಜ್ಜೆಯೆಂದು ನನಗೆ ತೋರುತ್ತದೆ. ಆ ವರ್ಷದ ಜೂನ್ ತಿಂಗಳಿನಲ್ಲಿ ಲೋಹಿಯಾ ಅವರೇ ಉತ್ತರ ಭಾರತದಿಂದ ಸಾಗರಕ್ಕೆ ಬಂದು ಸತ್ಯಾಗ್ರಹದಲ್ಲಿ ಭಾಗವಹಿಸಿ ಬಂಧಿತರಾದರು. ಮಲೆನಾಡಿನ ಒಂದು ಮೂಲೆಯ ಹಳ್ಳಿಯ ಹೆಸರು ದೇಶದ ಪತ್ರಿಕೆಗಳಿಗೆ ಏರಿತು.

ಚರಿತ್ರೆಯ ವಿದ್ಯಾರ್ಥಿಯಾದ ನನ್ನ ಮನಸ್ಸನ್ನು ಸೆಳೆದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಲೋಹಿಯಾ ಅವರು ಸಾಗರದಲ್ಲಿ ಬಂಧಿತರಾದ ಮರುತಿಂಗಳೇ, ಅಂದರೆ 1951ರ ಜುಲೈ 13ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಅಡಿಗಲ್ಲನ್ನಿಟ್ಟರು. ಒಂದು ಕಡೆ ಜನರ ಪ್ರತಿನಿಧಿಗಳು ಕುಳಿತು ಕಾನೂನು ಮಾಡಲೆಂದು ಕಲ್ಲಿನ ಅರಮನೆ ಏಳುತ್ತಿದ್ದಿತು; ಮತ್ತೊಂದು ಕಡೆ ಆ ಜನರೇ ಗದ್ದೆಗೆ ಇಳಿದ ತಪ್ಪಿಗೆ ಸೆರೆಯಲ್ಲಿದ್ದರು. ಇವೆರಡರ ನಡುವಣ ದೂರವನ್ನು ಕ್ರಮಿಸುವುದೇ ಗೋಪಾಲಗೌಡರ ಮುಂದಿನ 20 ವರ್ಷಗಳ ಕೆಲಸವಾಯಿತು.

ಕಾಗೋಡಿನ ಸತ್ಯಾಗ್ರಹಕ್ಕೆ ಕೂಡಲೇ ಜಯ ದೊರೆಯಲಿಲ್ಲ. ಆದರೆ ಕೆಲವೇ ತಿಂಗಳಿನಲ್ಲಿ ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆ ಬಂದಿತು. ವಯಸ್ಕರೆಲ್ಲರಿಗೂ ಮತ. ಸೆರೆಯಿಂದ ಬಂದ ಗೇಣಿದಾರನಿಗೂ ಒಂದು, ಅವನ ಒಡೆಯನಿಗೂ ಒಂದೇ. ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಎದುರಾಳಿ ಕಾಂಗ್ರೆಸ್ಸಿನ ಪ್ರಬಲ ನಾಯಕರಾದ ಶ್ರೀ ಎ. ಆರ್. ಬದರಿನಾರಾಯಣರು. ಗೌಡರ ಬಳಿ ಹಣವಿರಲಿಲ್ಲ. ಅವರು ಮತದಾರನೊಬ್ಬನಿಂದ ಒಂದು ಓಟನ್ನೂ ಅದರ ಜೊತೆಗೆ ಒಂದು ನೋಟನ್ನೂ ಬೇಡಿದರು. ಈ ಮಾತು ಮಲೆನಾಡಿನಲ್ಲಿ ಇಂದಿಗೂ ಗಾದೆಯಂತೆ ಬಳಕೆಯಲ್ಲಿದೆ. ಹಣವನ್ನು ಕೊಟ್ಟು ಓಟನ್ನು ಪಡೆಯುವುದಲ್ಲ. ಓಟು ಕೊಡುವವನೇ ಹಣವನ್ನೂ ಕೊಡುವುದು! ಬಡವನು ಕೊಟ್ಟ ಒಂದು ರೂಪಾಯಿ ಚುನಾವಣೆಯ ಖರ್ಚಿಗೆ ಮಾತ್ರ ಸಲ್ಲಲಿಲ್ಲ. ಗೆದ್ದವನು ಯಾರಿಗೆ ಸಾಲಗಾರನೆಂಬುದನ್ನೂ ಅದು ಗೊತ್ತುಮಾಡಿತು.

1952ರಲ್ಲಿ ಅವರು ಗೆದ್ದರು. 30 ವರ್ಷ ಇನ್ನೂ ತುಂಬಿರಲಿಲ್ಲ. ಅದೇ ಚುನಾವಣೆಯಲ್ಲಿ ಕಾಗೋಡಿನ ಭೂಮಾಲೀಕರಾದ ಶ್ರೀ ಕೆ. ಜಿ. ಒಡೆಯರ್ ಅವರು ಕಾಂಗ್ರೆಸ್ಸಿನಿಂದ ಲೋಕಸಭೆಗೆ ಆರಿಸಿಬಂದುದನ್ನೂ ಮರೆಯಬಾರದು. ಒಂದೇ ಸೀಮೆಯ ಜನ, ಒಂದೇ ಕಾಲ. ದೆಹಲಿಗೆ ಒಡೆಯರು, ಬೆಂಗಳೂರಿಗೆ ಗೇಣಿದಾರರ ಪ್ರತಿನಿಧಿ. ಪ್ರಜಾಪ್ರಭುತ್ವವು ಒಂದೇ ದಿನದಲ್ಲಿ ಎಲ್ಲವನ್ನೂ ತಲೆಕೆಳಗು ಮಾಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಗಿನ ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನಗಳು. ಕಾಂಗ್ರೆಸ್ಸಿಗೆ ಭಾರಿ ಬಹುಮತ. ಶ್ರೀ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳು. ವಿಧಾನಸೌಧ ಇನ್ನೂ ಮುಗಿದಿರಲಿಲ್ಲವಾದುದರಿಂದ ಸಭೆ ಅಠಾರಾ ಕಚೇರಿಯಲ್ಲಿ ಸೇರುತ್ತಿದ್ದಿತು. ಸಮಾಜವಾದಿಗಳು ಬೆರಳೆಣಿಕೆಯಷ್ಟು ಮಂದಿ. ಓಟಿಗೆ ಹಾಕಿದರೆ ಸೋಲುವುದು ಖಂಡಿತ. ಹೀಗಿರುವಾಗ ಸಣ್ಣ ಪಕ್ಷದ ಒಬ್ಬ ಸದಸ್ಯ ಏನು ಮಾಡಿಯಾನು? ರಾಜ್ಯಶಾಸ್ತ್ರದ ನಮ್ಮ ಪಠ್ಯದಲ್ಲಿ ಪ್ರಶ್ನೋತ್ತರ ವೇಳೆ, ನಿಲುವಳಿ ಸೂಚನೆ, ಖಾಸಗಿ ನಿರ್ಣಯ, ಕಡಿತದ ಸೂಚನೆ ಎಂದು ಪಟ್ಟಿ ಕೊಟ್ಟಿರುತ್ತಾರೆ. ನಾವು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಆ ಪಟ್ಟಿಗೆ ಜೀವ ಬರುವುದು ಗೌಡರಂತಹವರ ಕೈಯಲ್ಲಿ. ಸರ್ಕಾರವನ್ನು ಸೋಲಿಸುವ ಬಲವಿಲ್ಲದವನಿಗೆ ಸರ್ಕಾರವನ್ನು ನಾಚಿಸುವ ಬಲವಾದರೂ ಇರುತ್ತದೆ. ಗೇಣಿದಾರನ ಗೋಳು ಸಭೆಯ ನಡಾವಳಿಯ ಪುಸ್ತಕದಲ್ಲಿ ದಾಖಲಾಗುವಂತೆ ಅವರು ಮಾಡಿದರು. ಒಮ್ಮೆ ದಾಖಲಾದ ಮಾತನ್ನು ಯಾವ ಬಹುಮತವೂ ಅಳಿಸಲಾರದು.

ಅವರು ಮಾತಿನಲ್ಲಿ ಬೆಂಕಿ. ಮುಂಗೋಪಿಗಳೆಂಬ ಹೆಸರೂ ಅವರಿಗಿದ್ದಿತು. ಸಭೆಯ ಶಿಸ್ತಿನ ಎಲ್ಲೆಯನ್ನು ಅವರು ದಾಟಿದ ಸಂದರ್ಭಗಳೂ ಉಂಟು. ಇದನ್ನು ಗುಣವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಅವರ ಕೋಪ ತಮ್ಮ ಸ್ವಂತಕ್ಕೆ ಏನೋ ದೊರೆಯಲಿಲ್ಲವೆಂಬ ಕೋಪವಾಗಿರಲಿಲ್ಲ. ಎದುರು ಪಕ್ಷದವರಲ್ಲಿ ಅವರಿಗೆ ಆಪ್ತ ಸ್ನೇಹಿತರಿದ್ದರು, ಶ್ರೀ ಡಿ. ದೇವರಾಜ ಅರಸರು ಅವರಲ್ಲೊಬ್ಬರು. ಈ ಸ್ನೇಹದ ಫಲವನ್ನು ಮುಂದೆ ನಾಡೇ ಉಂಡಿತು.

ನ್ಯಾಯವಾಗಿ ಹೇಳಬೇಕಾದರೆ ಗೇಣಿದಾರರ ಪರವಾಗಿ ನಿಂತವರು ಗೌಡರೊಬ್ಬರೇ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಶ್ರೀ ಕಡಿದಾಳ್ ಮಂಜಪ್ಪನವರು ಕೆಂಗಲ್ ಅವರ ಸಂಪುಟದಲ್ಲಿ ಕಂದಾಯ ಮಂತ್ರಿಗಳಾಗಿದ್ದು 1952ರ ಮೈಸೂರು ಗೇಣಿ ಕಾನೂನು, 1954ರ ಇನಾಂ ರದ್ದಿಯಾತಿ ಕಾನೂನು ಇವುಗಳಿಗಾಗಿ ದುಡಿದರು. ಒಂದೇ ತಾಲ್ಲೂಕಿನ ಇಬ್ಬರು. ಒಬ್ಬರು ಒಳಗಿನಿಂದ ಎಳೆದರು, ಮತ್ತೊಬ್ಬರು ಹೊರಗಿನಿಂದ ನೂಕಿದರು. ಬಂಡಿ ಮುಂದೆ ಸಾಗಲು ಎರಡೂ ಬೇಕಾಗಿದ್ದವು.

1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯವಾಯಿತು. ಹಳೆಯ ಮೈಸೂರಿನ ಅನೇಕ ನಾಯಕರಿಗೆ ಈ ಏಕೀಕರಣ ಹಿಡಿಸಿರಲಿಲ್ಲ. ಹಳೆಯ ಸಂಸ್ಥಾನದಲ್ಲಿ ಬಹುಸಂಖ್ಯಾತರಾಗಿದ್ದವರು ಹೊಸ ರಾಜ್ಯದಲ್ಲಿ ಹಾಗೆ ಉಳಿಯಲಾರರೆಂಬ ಲೆಕ್ಕಾಚಾರವೇ ಅದಕ್ಕೆ ಮುಖ್ಯ ಕಾರಣ. ಜಾತಿಯ ಲೆಕ್ಕದಿಂದ ನೋಡಿದರೆ ಗೌಡರೂ ಅಳುಕಬೇಕಾಗಿದ್ದಿತು. ಅವರು ಅಳುಕಲಿಲ್ಲ, ಏಕೀಕರಣವನ್ನು ಮನಃಪೂರ್ವಕವಾಗಿ ಬೆಂಬಲಿಸಿದರು. ಅಷ್ಟಕ್ಕೇ ತೃಪ್ತರಾಗದೆ, ಒಂದುಗೂಡಿದ ನಾಡಿಗೆ ಕರ್ನಾಟಕವೆಂಬ ಹೆಸರೇ ಇರಬೇಕೆಂದೂ ಆಡಳಿತವು ಜನರ ಭಾಷೆಯಲ್ಲಿ ನಡೆಯಬೇಕೆಂದೂ ಹಟ ಹಿಡಿದರು. ತನಗೆ ತಿಳಿಯದ ಭಾಷೆಯಲ್ಲಿ ಬರೆದ ನೋಟೀಸಿನಿಂದ ಗದ್ದೆ ಕಳೆದುಕೊಂಡ ಗೇಣಿದಾರನನ್ನು ಬಲ್ಲವರಿಗೆ ಕನ್ನಡದ ಪ್ರಶ್ನೆ ಅಭಿಮಾನದ ಪ್ರಶ್ನೆ ಮಾತ್ರವಲ್ಲ, ಅನ್ನದ ಪ್ರಶ್ನೆಯೂ ಹೌದು.

ಈ ನಡುವೆ ಅವರ ಪಕ್ಷ ಒಡೆಯಿತು, ಕೂಡಿತು, ಮತ್ತೆ ಒಡೆಯಿತು. 1952ರಲ್ಲಿ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾಪಕ್ಷದೊಡನೆ ಸೇರಿ ಅದು ಪ್ರಜಾ ಸಮಾಜವಾದಿ ಪಕ್ಷವಾಯಿತು. 1955ರ ಕೊನೆಯಲ್ಲಿ ಲೋಹಿಯಾ ಅವರು ಬೇರೆಯಾದರು. ಗೌಡರು ಲೋಹಿಯಾ ಅವರ ಜೊತೆಗೆ ನಡೆದರು. 1964ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷ ಹುಟ್ಟಿತು. ಮರುವರ್ಷವೇ ಅದರಲ್ಲಿಯೂ ಬಿರುಕು ಬಿಟ್ಟಿತು. ಸಿದ್ಧಾಂತಕ್ಕಾಗಿ ಜಗಳವಾಡುವವರು ಒಗ್ಗಟ್ಟನ್ನು ಕಾಯ್ದುಕೊಳ್ಳಲಾರದೆ ಹೋದುದು ಸಮಾಜವಾದಿಗಳ ದೊಡ್ಡ ದೌರ್ಬಲ್ಯವೆಂದೇ ಹೇಳಬೇಕು. ಇದರ ನಷ್ಟವನ್ನು ತೆತ್ತವರು ನಾಯಕರಿಗಿಂತ ಹೆಚ್ಚಾಗಿ, ಅವರನ್ನು ನಂಬಿದ ಬಡವರು. 1957ರ ಚುನಾವಣೆಯಲ್ಲಿ ಗೌಡರು ಸೋತರು. ಸೋತವರಿಗೆ ದೊಡ್ಡ ಪಕ್ಷದ ಬಾಗಿಲು ತೆರೆದೇ ಇರುತ್ತದೆ. ಎಷ್ಟೋ ಮಂದಿ ಆ ಬಾಗಿಲಿನಲ್ಲಿ ಒಳಗೆ ಹೋದರು. ಇವರು ಹೋಗಲಿಲ್ಲ. 1962ರಲ್ಲಿ ಮತ್ತೆ ನಿಂತು ಗೆದ್ದರು. 1967ರಲ್ಲಿ ಮತ್ತೊಮ್ಮೆ ಗೆದ್ದರು. ಹೀಗೆ ಮೂರು ಸಲ ಶಾಸಕರು, ಮೂರು ಸಲವೂ ವಿರೋಧಪಕ್ಷದವರು.

ಗೌಡರು ದೊಡ್ಡ ಓದುಗರು. ಕುವೆಂಪು, ಬೇಂದ್ರೆ, ಅಡಿಗರ ಕಾವ್ಯವೆಂದರೆ ಅವರಿಗೆ ಪ್ರಾಣ. ರಾಜಕೀಯದವರಿಗೆ ಕವಿತೆಯೇಕೆ ಎಂದು ಕೇಳುವವರಿದ್ದಾರೆ. ಮನುಷ್ಯನ ದುಃಖವನ್ನು ಅಂಕಿ ಅಂಶಗಳಲ್ಲಿ ಮಾತ್ರ ಕಾಣುವವನು ಬೇಗ ಕಲ್ಲಾಗುತ್ತಾನೆ; ಬಹುಶಃ ಅವರು ಕಲ್ಲಾಗದಂತೆ ಉಳಿಸಿದ್ದು ಈ ಓದೇ ಇರಬೇಕು. ಸಾಹಿತಿ ಯು. ಆರ್. ಅನಂತಮೂರ್ತಿಯವರು ಅವರನ್ನು ಹತ್ತಿರದಿಂದ ಬಲ್ಲವರು. 1978ರಲ್ಲಿ ಪ್ರಕಟವಾದ ಅವರ ಅವಸ್ಥೆ ಕಾದಂಬರಿಯ ನಾಯಕನಲ್ಲಿ ಗೌಡರ ಛಾಯೆಯಿದೆ. ರಾಜಕಾರಣದಲ್ಲಿಯೂ ಅವರ ಗರಡಿಯಲ್ಲಿ ಪಳಗಿದವರು ಅನೇಕರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ. ಎಚ್. ಪಟೇಲರು, ಅದೇ ವರ್ಷ ಸೊರಬದಿಂದ ಶಾಸಕರಾದ ಎಸ್. ಬಂಗಾರಪ್ಪನವರು, ಇವರಿಬ್ಬರೂ ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದರು. ಕಾಗೋಡು ಗ್ರಾಮದವರೇ ಆದ ಶ್ರೀ ಕಾಗೋಡು ತಿಮ್ಮಪ್ಪನವರು 2013ರಿಂದ 2016ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಯಾವ ಹಳ್ಳಿಯ ರೈತರು ಗದ್ದೆಗೆ ಇಳಿದು ಸೆರೆ ಸೇರಿದ್ದರೋ ಆ ಹಳ್ಳಿಯ ಮಗ ಸಭೆಯ ಪೀಠದಲ್ಲಿಯೇ ಕುಳಿತರು. ಗುರು ಪಡೆಯದ ಪದವಿಗಳನ್ನು ಕಿರಿಯರು ಪಡೆದರು.

ಗೌಡರು ಆಸ್ತಿ ಮಾಡಲಿಲ್ಲ. ಅವರ ಪತ್ನಿ ಶ್ರೀಮತಿ ಸೋನಕ್ಕನವರ ಪಾಲಿಗೆ ಬಂದುದು ಕೀರ್ತಿವಂತನ ಸಂಸಾರದ ಕಷ್ಟ. ಮನೆಯವರಿಗೆ ಏನನ್ನೂ ಕೂಡಿಡದ ಮನುಷ್ಯನನ್ನು ತ್ಯಾಗಿಯೆಂದು ನಾವು ಹೊರಗಿನವರು ಸುಲಭವಾಗಿ ಕೊಂಡಾಡುತ್ತೇವೆ. ಆ ತ್ಯಾಗದ ಅರ್ಧ ಪಾಲು ಒಲೆಯ ಮುಂದೆ ಕುಳಿತವರದು ಎಂಬುದನ್ನು ಮರೆಯುತ್ತೇವೆ. ಅವರ ಕೊನೆಯ ದಿನಗಳು ಅನಾರೋಗ್ಯದಲ್ಲಿ ಕಳೆದವು. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಅದೇ ಪಕ್ಷದ ಶ್ರೀ ಕೋಣಂದೂರು ಲಿಂಗಪ್ಪನವರು ಆರಿಸಿಬಂದರು. ಅವರ ಸ್ನೇಹಿತ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಅದಾದ ಮೂರು ತಿಂಗಳೊಳಗೆ, 1972ರ ಜೂನ್ 9ರಂದು, ಗೋಪಾಲಗೌಡರು ಕಣ್ಮುಚ್ಚಿದರು. ಆಗ ಅವರಿಗೆ 49 ವರ್ಷ.

ಅವರು ಬಯಸಿದುದೆಲ್ಲ ಅವರು ಹೋದ ಮೇಲೆ ನಡೆಯಿತು. ಅದೇ ಜುಲೈ ತಿಂಗಳಿನಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ನಿರ್ಣಯವನ್ನು ವಿಧಾನಸಭೆ ಅಂಗೀಕರಿಸಿತು. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. ಭೂಮಿಯ ವಿಷಯವೂ ಹಾಗೆಯೇ. 1961ರಲ್ಲಿ ಆದ ಭೂಸುಧಾರಣೆ ಕಾನೂನು ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆಂದು ಹೇಳಿ ಒಡೆಯರು ಗೇಣಿ ಜಮೀನನ್ನು ಬಿಡಿಸಿಕೊಳ್ಳಲು ಅದರಲ್ಲಿ ಅವಕಾಶವಿದ್ದಿತು. ಕಾನೂನು ಬರುವುದಕ್ಕೂ ಜಾರಿಯಾಗುವುದಕ್ಕೂ ನಡುವಿನ ವರ್ಷಗಳು ಒಡೆಯರಿಗೆ ಅನುಕೂಲವಾದವು. ಈ ಕಂಡಿಗಳನ್ನು ಮುಚ್ಚಿದ್ದು ಅರಸರ ಸರ್ಕಾರ ತಂದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಅವನಿಗೆ ಹಕ್ಕು ಕೊಡುವುದಾಯಿತು. ಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಓದು ಬಾರದ ಗೇಣಿದಾರನೂ ಒಡೆಯನೂ ಸಮಾನವಾಗಿ ನಿಂತು ತಮ್ಮ ತಮ್ಮ ಮಾತನ್ನು ಹೇಳಬೇಕಾಗಿದ್ದಿತು. 1951ರಲ್ಲಿ ರಸೀತಿ ಕೇಳಿ ಸೆರೆಗೆ ಹೋದವರು ಕಡೆಗೆ ಪಹಣಿಯನ್ನೇ ಪಡೆದರು.

ಹೀಗೆ ಅರ್ಜಿ ಕೊಟ್ಟವರಲ್ಲಿ ನನ್ನ ಅಜ್ಜನೂ ಒಬ್ಬರು. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೇಣಿದಾರರಾಗಿದ್ದ ಅವರಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಹೆಬ್ಬೆಟ್ಟೊತ್ತಿ ಎರಡು ಎಕರೆ ಗದ್ದೆಯ ಒಡೆಯರಾದರು. ಆ ಗದ್ದೆಯ ಅನ್ನ ಉಂಡು ನನ್ನ ತಂದೆ ಹೈಸ್ಕೂಲಿನವರೆಗೆ ಓದಿದರು. ಬೆಂಗಳೂರಿಗೆ ಬಂದು ಪೀಣ್ಯದಲ್ಲಿ ಕಾರ್ಖಾನೆಯ ಕೆಲಸಕ್ಕೆ ಸೇರಿ ನಂದಿನಿ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಈ ಸರಪಳಿಯ ಒಂದು ಕೊಂಡಿ ಕಳಚಿದ್ದರೂ ಈ ಲೇಖನ ಬರೆಯಲು ನಾನಿಲ್ಲಿ ಇರುತ್ತಿರಲಿಲ್ಲ. ಕಾನೂನು ಎಂಬುದು ಕಪಾಟಿನ ಪುಸ್ತಕದಲ್ಲಿರುವ ವಸ್ತುವಲ್ಲ. ಅದು ಯಾರದೋ ಮನೆಯ ಹುಡುಗನ ಶುಲ್ಕವೂ ಆಗುತ್ತದೆ.

ಈ ವರ್ಷ ನಮ್ಮ ಮನೆಯಲ್ಲಿ ಆ ಎರಡು ಎಕರೆಯನ್ನು ಮಾರುವ ಮಾತು ನಡೆದಿದೆ. 2020ರ ತಿದ್ದುಪಡಿಯಾದ ಮೇಲೆ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದಾದುದರಿಂದ ನಗರದ ಹಣವಂತರು ಮಲೆನಾಡಿಗೆ ಬರುತ್ತಿದ್ದಾರೆ. ಊರಿನಲ್ಲಿರುವ ದೊಡ್ಡಪ್ಪನವರಿಗೆ ವಯಸ್ಸಾಯಿತು. ಉಳಲು ಆಳು ಸಿಕ್ಕುವುದಿಲ್ಲ. ತಂಗಿಯ ಓದಿಗೆ, ತಂದೆಯವರ ಸಾಲಕ್ಕೆ ಹಣ ಬೇಕು. ಮಾರಬಾರದೆಂದು ನಾನು ಹೇಳಿದೆ. ಹಾಗಾದರೆ ಊರಿಗೆ ಹೋಗಿ ಉಳುವೆಯಾ ಎಂದು ತಂದೆಯವರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದು. ಹೆಬ್ಬೆಟ್ಟಿನ ಗುರುತಿನಿಂದ ಬಂದ ನೆಲವನ್ನು ಪದವೀಧರನ ಸಹಿಯಿಂದ ಕಳೆಯುವುದೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ತಂಗಿಯ ಓದು ನಿಲ್ಲುವುದೆಂದರೂ ಒಪ್ಪುವುದಿಲ್ಲ. ಈಗಿನ ಮಟ್ಟಿಗೆ ನನ್ನ ಪದವಿ ಪರೀಕ್ಷೆ ಮುಗಿದು ಕೆಲಸ ದೊರೆಯುವವರೆಗೆ ತಡೆಯಬೇಕೆಂದು ಕೇಳಿಕೊಂಡಿದ್ದೇನೆ. ಉಳುವವನಿಗೆ ಭೂಮಿ ಕೊಡಿಸಿದ ತಲೆಮಾರು ತನ್ನ ಕೆಲಸ ಮಾಡಿತು. ಆ ಭೂಮಿಯಲ್ಲಿ ಉತ್ತು ಬದುಕುವ ದಾರಿಯನ್ನು ಕಾಣಿಸುವ ಕೆಲಸ ನಮ್ಮ ಕಾಲದ ಶಾಸಕರಿಗೆ ಸೇರಿದುದು. ಅವರನ್ನು ಆರಿಸುವ ನಮಗೂ ಸೇರಿದುದು.

ನಮ್ಮ ಬಡಾವಣೆಯಲ್ಲಿ ಜನರು ಶಾಸಕರ ಬಳಿಗೆ ಹೋಗುವುದು ಚರಂಡಿ, ರಸ್ತೆ, ಕಾವೇರಿ ನೀರು, ಬೀದಿ ದೀಪ ಇವುಗಳಿಗಾಗಿ. ಇವೂ ಆಗಬೇಕಾದ ಕೆಲಸಗಳೇ. ಆದರೆ ಶಾಸಕನೆಂಬ ಮಾತಿನಲ್ಲಿಯೇ ಶಾಸನವೆಂಬ ಮಾತಿದೆ. ಚರಂಡಿಯನ್ನು ನಗರಾಡಳಿತ ಕಟ್ಟಿಸಬಹುದು. ಪೀಣ್ಯದ ದಿನಗೂಲಿಯ ಕೆಲಸಗಾರನಿಗೆ, ಬಾಡಿಗೆ ಮನೆಯ ಬಡವನಿಗೆ ರಕ್ಷಣೆ ಕೊಡುವ ಕಾನೂನನ್ನು ಮಾಡಬೇಕಾದುದು ಸಭೆಯಲ್ಲಿ ಕುಳಿತವರೇ. ಇಂದು ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿ ಚುನಾವಣೆಗೆ 40 ಲಕ್ಷ ರೂಪಾಯಿಗಳವರೆಗೆ ಖರ್ಚು ಮಾಡಲು ಅನುಮತಿಯಿದೆ. ಮತದಾರನಿಂದ ಒಂದು ನೋಟನ್ನು ಬೇಡಿ ಗೆದ್ದ ಮನುಷ್ಯನೊಬ್ಬ ಇದೇ ನಾಡಿನಲ್ಲಿ ಇದ್ದನೆಂದರೆ ನನ್ನ ನೆರೆಯವರು ನಗುತ್ತಾರೆ. ಅವರು ನಕ್ಕರೂ ನಡೆದುದು ನಡೆದುದೇ.

ಗೋಪಾಲಗೌಡರು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಅವರ ಪಕ್ಷ ಉಳಿಯಲಿಲ್ಲ. ಅವರಿದ್ದಾಗ ಅವರ ಬಯಕೆ ಕೈಗೂಡಲಿಲ್ಲ. ಆದರೂ ಅವರು ನೆಟ್ಟ ಸಸಿಯ ನೆರಳಿನಲ್ಲಿ ಸಾವಿರಾರು ಮನೆಗಳು ನಿಂತಿವೆ. ಅಧಿಕಾರವಿಲ್ಲದೆಯೂ ಒಬ್ಬ ಶಾಸಕನು ಎಷ್ಟು ಕೆಲಸ ಮಾಡಬಹುದೆಂಬುದಕ್ಕೆ ಅವರ ಬಾಳೇ ಸಾಕ್ಷಿ. ನಮ್ಮ ಕಾಲೇಜಿನಿಂದ ಈ ವರ್ಷ ಹೊರಹೋಗುವವರಲ್ಲಿ ಗುಮಾಸ್ತರು, ಉಪಾಧ್ಯಾಯರು, ವಕೀಲರು ಆಗುವವರಿದ್ದಾರೆ. ಯಾರಾದರೊಬ್ಬರು ಮುಂದೆ ಶಾಸಕರೂ ಆಗಬಹುದು. ಅಂತಹವರು ವಿಧಾನಸೌಧದ ಮೆಟ್ಟಿಲು ಹತ್ತುವ ಮೊದಲು, ತಾವು ಯಾರ ಒಂದು ರೂಪಾಯಿಗೆ ಸಾಲಗಾರರೆಂಬುದನ್ನು ಒಮ್ಮೆ ಲೆಕ್ಕ ಹಾಕಿಕೊಂಡರೆ, ಆ ಮಹನೀಯರಿಗೆ ಸಲ್ಲಿಸಬಹುದಾದ ಗೌರವ ಅದೇ.